ಅತ್ತೆಯ ಬೆನ್ನು

ಬೀದಿಯವರು ಅವಳನ್ನು ಪಾಲಿಶ್ ಅಕ್ಕ ಎಂದು ಕರೆಯುತ್ತಿದ್ದರು. ಮೊದಮೊದಲು ಬೆನ್ನ ಹಿಂದೆ, ಆಮೇಲೆ ಎದುರಿಗೇ. ಅವಳೇನೂ ಬೇಸರ ಮಾಡಿಕೊಳ್ಳಲಿಲ್ಲ. ನೆಲಕ್ಕೆ ಪಾಲಿಶ್ ಮಾಡುವವರಿದ್ದಾರೆ, ಬೂಟಿಗೆ ಮಾಡುವವರಿದ್ದಾರೆ, ಮಾತಿಗೆ ಪಾಲಿಶ್ ಹಾಕಿಯೇ ಬದುಕು ಸಾಗಿಸುವವರಂತೂ ಎಣಿಕೆಗೆ ಸಿಗುವುದಿಲ್ಲ. ತಾನು ಮನುಷ್ಯರ ಮೈಗೆ ಮಾಡುತ್ತೇನೆ, ಅದರಲ್ಲಿ ತಲೆ ತಗ್ಗಿಸುವಂಥದ್ದೇನಿದೆ ಎಂಬುದು ಅವಳ ವಾದ. ಮೂಗು ಮುರಿಯುವವರು ಮುರಿಯಲಿ, ಆ ಮೂಗಿನ ಮೇಲಿನ ಕಪ್ಪು ಚುಕ್ಕೆ ತೆಗೆಸಲಿಕ್ಕೆ ಕೊನೆಗೆ ನಮ್ಮ ಪಾರ್ಲರಿಗೇ ಬರಬೇಕಲ್ಲ ಎಂದು ನಗುತ್ತಿದ್ದಳು.

ಪಾರ್ಲರ್ ಇದ್ದದ್ದು ಒಂದು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಮುಂದಿನ ಕೋಣೆಯಲ್ಲಿ ಕೂದಲು, ಹುಬ್ಬು, ಉಗುರಿನ ಕೆಲಸ. ಪರದೆ ಸರಿಸಿ ಒಳಗೆ ಹೋದರೆ ಅವಳ ಕೋಣೆ. ಅಲ್ಲೊಂದು ಎತ್ತರದ ಕಿರಿದಾದ ಮಂಚ, ಕವುಚಿ ಮಲಗಿದವರು ಉಸಿರಾಡಲು ಅದರಲ್ಲೊಂದು ದುಂಡನೆಯ ತೂತು, ಟವೆಲ್ ಬಿಸಿ ಮಾಡುವ ಪೆಟ್ಟಿಗೆ. ಕಪಾಟಿನ ತುಂಬ ಸಕ್ಕರೆ, ಉಪ್ಪು, ಕಾಫಿ ಪುಡಿ, ಜೇನು, ಎಣ್ಣೆಯ ಬಾಟಲಿಗಳು. ಹೊಸದಾಗಿ ಬಂದವರು ಇದೇನು ಅಡುಗೆಮನೆಯೋ ಎಂದು ಕೇಳುತ್ತಿದ್ದರು. "ಅಡುಗೆಮನೇನೇ, ನೀವು ಬೇಯೋದು ಮಾತ್ರ ಬಾಕಿ" ಎಂದು ಅವಳು ಬಿಸಿ ಟವೆಲನ್ನು ಅವರ ಬೆನ್ನಿಗೆ ಹೊದಿಸುತ್ತಿದ್ದಳು.

ಕೆಲಸದಲ್ಲಿ ಅವಳದು ಎತ್ತಿದ ಕೈ. ಬಿಸಿ ಟವೆಲಿನಡಿ ಚರ್ಮ ಮೆತ್ತಗಾಗುವವರೆಗೆ ಕಾಯುವಳು. ಸಕ್ಕರೆ ಮತ್ತು ಎಣ್ಣೆಯನ್ನು ಬೊಗಸೆಯಲ್ಲೇ ಕಲಸಿ, ಪಾದದಿಂದ ಶುರುಮಾಡಿ ಮೇಲಕ್ಕೆ, ಸಣ್ಣ ಸಣ್ಣ ಸುತ್ತಿನಲ್ಲಿ ಉಜ್ಜುತ್ತ ಬರುವಳು. ಮಂಡಿ, ಮೊಣಕೈ, ಹಿಮ್ಮಡಿಯ ಬಳಿ ಸ್ವಲ್ಪ ಒತ್ತಿ, ಕುತ್ತಿಗೆಯ ಬಳಿ ಬಂದಾಗ ಹಗುರವಾಗಿ. ಸತ್ತ ಚರ್ಮ ಬೂದು ಬಣ್ಣದ ಎಳೆಗಳಾಗಿ ಸುರುಳಿ ಸುತ್ತಿಕೊಂಡು ಉದುರುವಾಗ ಅವಳಿಗೆ ಆಗುತ್ತಿದ್ದ ಖುಷಿ ಮೈ ಕೊಟ್ಟು ಮಲಗಿದವರಿಗೂ ಆಗುತ್ತಿರಲಿಲ್ಲ.

ಇದರಿಂದ ಏನು ಪ್ರಯೋಜನ ಎಂದು ಕೇಳದವರೇ ಇಲ್ಲ. ಅವಳ ಉತ್ತರ ಬಾಯಿಪಾಠವಾಗಿತ್ತು. "ಮೇಲಿನ ಸತ್ತ ಪದರ ಹೋಗತ್ತೆ. ಅದು ಹೋದ್ರೆ ತಾನೆ ನೀವು ಹಚ್ಚಿದ ಕ್ರೀಮು ಒಳಗಿಳಿಯೋದು? ಚರ್ಮದೊಳಗೇ ಸುತ್ತಿಕೊಂಡು ಬೆಳೆಯೋ ಕೂದಲು ಕಮ್ಮಿ ಆಗತ್ತೆ. ಮೈ ನುಣುಪಾಗತ್ತೆ. ರಾತ್ರಿ ಒಳ್ಳೆ ನಿದ್ದೆ ಬರತ್ತೆ." ಬೆಳ್ಳಗಾಗ್ತೀನಾ ಎಂದು ಯಾರಾದರೂ ಕೇಳಿದರೆ ಮಾತ್ರ ಅವಳಿಗೆ ರೇಗುತ್ತಿತ್ತು. "ಬಿಳಿ ಮಾಡೋಕೆ ಸುಣ್ಣ ಹೊಡೆಯೋರನ್ನ ಕರೀರಿ. ನಾನು ಇರೋ ಚರ್ಮಾನ ಚೆನ್ನಾಗಿಡ್ತೀನಿ, ಅಷ್ಟೆ." ಗಾಯ ಇದ್ದವರನ್ನು, ಬಿಸಿಲಿಗೆ ಸುಟ್ಟುಕೊಂಡವರನ್ನು, ಆಗ ತಾನೇ ಕೂದಲು ತೆಗೆಸಿಕೊಂಡವರನ್ನು ಅವಳು ಮಂಚ ಹತ್ತಿಸುತ್ತಿರಲಿಲ್ಲ. ಪಾರ್ಲರಿನ ಮೇಡಂ ಒಳಗೊಳಗೇ ಗೊಣಗಿಕೊಂಡರೂ ಅವಳ ಮಾತಿಗೆ ಎದುರಾಡುತ್ತಿರಲಿಲ್ಲ.

ಕೆಲಸ ಚೆನ್ನಾಗಿ ಆಯಿತು ಎನ್ನಲು ಅವಳಿಗೆ ಒಂದೇ ಗುರುತು. ಉಜ್ಜಿ ಒರೆಸಿದ ಮೇಲೆ ಚರ್ಮ ತುಸು ಕೆಂಪೇರಬೇಕು. "ರಕ್ತ ಓಡಿ ಬಂತು ನೋಡಿ, ಚರ್ಮ ಎದ್ದು ಕೂತಿದೆ" ಎಂದು ಕನ್ನಡಿ ಹಿಡಿದು ತೋರಿಸುತ್ತಿದ್ದಳು. ಇಷ್ಟು ವರ್ಷ ಆ ಗುರುತು ಅವಳಿಗೆ ಮೋಸ ಮಾಡಿರಲಿಲ್ಲ.

ಮನೆಯಲ್ಲಿ ಮೂರೇ ಜನ. ಗಂಡ ದೂರದ ಊರುಗಳಿಗೆ ಹೋಗುವ ಬಸ್ಸಿನ ಡ್ರೈವರ್, ಮನೆಯಲ್ಲಿರುವುದಕ್ಕಿಂತ ರಸ್ತೆಯಲ್ಲಿರುವುದೇ ಹೆಚ್ಚು. ಮಕ್ಕಳಾಗಲಿಲ್ಲ. ಇನ್ನೊಬ್ಬರು ಅತ್ತೆ. ಅತ್ತೆಯ ಕಥೆ ಹೇಳಬೇಕೆಂದರೆ ಇಸ್ತ್ರಿ ಪೆಟ್ಟಿಗೆಯಿಂದಲೇ ಶುರುಮಾಡಬೇಕು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಬೀದಿ ಮೂಲೆಯಲ್ಲಿ ಒಂದು ಮೇಜು ಹಾಕಿಕೊಂಡು, ಕೆಂಡದ ಇಸ್ತ್ರಿ ಪೆಟ್ಟಿಗೆ ಹಿಡಿದು ಊರವರ ಅಂಗಿ ಸೀರೆಗಳ ಸುಕ್ಕು ತೆಗೆದು ಮಗನನ್ನು ಬೆಳೆಸಿದ ಹೆಂಗಸು ಆಕೆ. ಎರಡೂ ಮುಂಗೈ ಮೇಲೆ ಸುಟ್ಟ ಕಲೆಗಳು. ಅಡಿಗಾಲು ಒಡೆದು ಗಟ್ಟಿಯಾಗಿತ್ತು. ನಾಲಗೆಯಂತೂ ಇಸ್ತ್ರಿ ಪೆಟ್ಟಿಗೆಗಿಂತ ಬಿಸಿ.

ಸೊಸೆಯ ಕೆಲಸದ ಬಗ್ಗೆ ಆಕೆಗೆ ಮೊದಲಿನಿಂದಲೂ ಅಸಡ್ಡೆ. "ದುಡ್ಡು ಕೊಟ್ಟು ಮೈ ಉಜ್ಜಿಸ್ಕೊಳ್ಳೋರಿಗೆ ಕೈ ಇಲ್ವಾ, ಏನು?" ಎಂದು ಕೇಳುತ್ತಿದ್ದರು. ಬಾಗಿಲ ಬಳಿ ಯಾರಾದರೂ ಬಂದು ಸೊಸೆ ಎಲ್ಲಿ ಎಂದರೆ, "ಊರೋರ ಬೆನ್ನುಜ್ಜೋಕೆ ಹೋಗಿದಾಳೆ" ಎನ್ನುತ್ತಿದ್ದರು. ಒಮ್ಮೆ ಸೊಸೆ ಪ್ರೀತಿಯಿಂದಲೇ, "ಅತ್ತೆ, ನಿಮ್ಮ ಕಾಲಾದ್ರೂ ಕೊಡಿ, ಹಿಮ್ಮಡಿ ಹೂವಿನ ಹಾಗೆ ಮಾಡ್ತೀನಿ" ಅಂದಿದ್ದಳು. ಅತ್ತೆ ಕಾಲನ್ನು ಸೀರೆಯೊಳಕ್ಕೆ ಎಳೆದುಕೊಂಡರು. "ನಾನು ಬಟ್ಟೆ ಸುಕ್ಕು ತೆಗೆದೋಳು ಕಣೆ. ನನ್ನ ಸುಕ್ಕಿಗೆ ಯಾರೂ ಕೈ ಹಾಕೋದು ಬೇಡ." ಹಾವು ಮುಂಗುಸಿ ಎನ್ನುವಷ್ಟು ಜಗಳವೇನೂ ಇರಲಿಲ್ಲ. ಒಂದೇ ಸೂರಿನಡಿ ಇಬ್ಬರೂ ಒಬ್ಬರನ್ನೊಬ್ಬರು ಮುಟ್ಟದೆ ವರ್ಷಗಟ್ಟಲೆ ಬದುಕಿದರು. ಅವಳಿಗೆ ಅದೇ ದೊಡ್ಡ ನೋವು. ಗುರುತು ಪರಿಚಯ ಇಲ್ಲದ ಹೆಂಗಸರು ತನ್ನ ಕೈಗೆ ಮೈ ಒಪ್ಪಿಸಿ ನಿದ್ದೆ ಹೋಗುತ್ತಾರೆ, ಮನೆಯ ಮುದುಕಿ ಮಾತ್ರ ತಾನು ಹತ್ತಿರ ಹೋದರೆ ಸರಿದು ಕೂರುತ್ತಾಳೆ ಎಂದು ಗಂಡನ ಬಳಿ ಎಷ್ಟೋ ಸಲ ಹೇಳಿಕೊಂಡು ಅತ್ತಿದ್ದಳು.

ಅತ್ತೆ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡದ್ದು ಆಮೇಲಿನ ಮಾತು. ಆಪರೇಶನ್ ಆಯಿತು, ಮನೆಗೆ ಕರೆತಂದರು. ಇನ್ನು ಎದ್ದು ಓಡಾಡುವುದು ಕಷ್ಟ ಎಂದು ಆಸ್ಪತ್ರೆಯಲ್ಲೇ ಹೇಳಿದ್ದರು. ವಾರಕ್ಕೊಮ್ಮೆ ಮನೆಗೆ ಬಂದು ನೋಡುವ ಸಿಸ್ಟರ್ ಅವಳಿಗೆ ಎಲ್ಲ ಹೇಳಿಕೊಟ್ಟರು. ಆಗಾಗ ಮಗ್ಗುಲು ಬದಲಿಸಬೇಕು, ಹಾಸಿಗೆ ಒದ್ದೆಯಾಗಿರಬಾರದು, ಬೆನ್ನು ಸೊಂಟ ದಿನಾ ನೋಡಬೇಕು, ಎಲ್ಲಾದರೂ ಕೆಂಪಾದರೆ ತಕ್ಷಣ ಹೇಳಬೇಕು. "ಅಯ್ಯೋ, ಚರ್ಮದ ವಿಷಯ ನನಗೆ ಬಿಡಿ ಸಿಸ್ಟರ್. ನನ್ನ ಅನ್ನ ಅದೇ" ಎಂದು ಅವಳು ನಕ್ಕಳು. ಸಿಸ್ಟರೂ ನಕ್ಕರು. ಅವರಿಗೂ ಅಂಥ ಸೊಸೆ ಸಿಕ್ಕ ಮುದುಕಿಯನ್ನು ನೋಡಿ ಸಮಾಧಾನವಾಗಿತ್ತು. ಹಗಲು ಅವಳು ಪಾರ್ಲರಿಗೆ ಹೋದಾಗ ಪಕ್ಕದ ಮನೆಯ ಹೆಂಗಸು ಬಂದು ನೋಡಿಕೊಳ್ಳುತ್ತಿದ್ದಳು.

ಮಲಗಿದಲ್ಲೇ ಆದ ಮೇಲೆ ಅತ್ತೆಯ ನಾಲಗೆ ತಣ್ಣಗಾಯಿತು. ಮುಟ್ಟಿಸಿಕೊಳ್ಳದೆ ಬೇರೆ ದಾರಿ ಇರಲಿಲ್ಲ. ಮೊದಲ ದಿನಗಳಲ್ಲಿ ಸೊಸೆ ಮೈ ಒರೆಸುವಾಗ ಆಕೆ ಗೋಡೆಯ ಕಡೆ ಮುಖ ತಿರುಗಿಸಿ ಹಲ್ಲು ಕಚ್ಚಿಕೊಂಡಿರುತ್ತಿದ್ದರು. ನಾಚಿಕೆಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಅವಳು ಅದನ್ನು ಕಂಡೂ ಕಾಣದವಳ ಹಾಗೆ ಪಾರ್ಲರಿನ ಸುದ್ದಿ ಹೇಳುತ್ತಿದ್ದಳು. ಯಾರೋ ದಪ್ಪಗಿನ ಹೆಂಗಸು ಮಂಚದ ಮೇಲೆ ನಿದ್ದೆ ಹೋಗಿ ಗೊರಕೆ ಹೊಡೆದದ್ದು, ಇನ್ನಾರೋ ಜೇನು ಹಚ್ಚಿದರೆ ನೆಕ್ಕಿ ನೋಡಿದ್ದು. ಒಂದು ದಿನ ಅತ್ತೆ ಗೋಡೆಯ ಕಡೆಗೇ ಮುಖ ಮಾಡಿಕೊಂಡು ಕಿಸಕ್ಕೆಂದು ನಕ್ಕರು. ಮರುದಿನ, "ಆ ಗೊರಕೆಯೋಳು ಮತ್ತೆ ಬಂದಿದ್ಲಾ?" ಎಂದು ತಾವಾಗಿಯೇ ಕೇಳಿದರು.

ಹಾಗೇ ಒಂದು ಸಂಜೆ, ಅವಳು ಕೆಲಸದಿಂದ ಬಂದು ಕೈಕಾಲು ತೊಳೆಯುತ್ತಿದ್ದಾಗ, ಅತ್ತೆ ಒಳಗಿಂದ ಕರೆದರು. ಏನೋ ಕೇಳಬೇಕು, ಬಾಯಿ ಬರುತ್ತಿಲ್ಲ. ಹೊದಿಕೆಯ ಅಂಚನ್ನು ಮಡಿಸಿ ಬಿಚ್ಚಿ ಮಾಡಿದರು.

"ಬೆನ್ನ ಕೆಳಗೆ ಉರೀತಿದೆ ಕಣೆ. ಒಂಥರಾ ತುರಿಕೆ. ನಿನ್ನ ಅದೇನೋ ಪಾಲಿಶ್ ಅಂತೀಯಲ್ಲ... ನಂಗೂ ಒಂದ್ಸಲ ಮಾಡ್ತೀಯಾ?"

ಅವಳಿಗೆ ಕಿವಿಯನ್ನೇ ನಂಬಲಾಗಲಿಲ್ಲ. ಎಷ್ಟು ವರ್ಷ ಕಾದಿದ್ದ ಮಾತು! ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ಓಡಿ ಸಕ್ಕರೆಯನ್ನು ಮತ್ತಷ್ಟು ನುಣ್ಣಗೆ ಪುಡಿಮಾಡಿದಳು, ಮುದಿ ಚರ್ಮ ಅಲ್ಲವೇ. ಎಣ್ಣೆ ಬೆಚ್ಚಗೆ ಮಾಡಿದಳು. ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲನ್ನು ತಂದು ಅತ್ತೆಯನ್ನು ಪಕ್ಕಕ್ಕೆ ಹೊರಳಿಸಿ ಬೆನ್ನಿಗೆ ಹೊದಿಸಿದಳು. ಅತ್ತೆ "ಹಾ" ಎಂದು ಉಸಿರು ಬಿಟ್ಟರು. ಆ ಬೆನ್ನನ್ನು ಅವಳು ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ವರ್ಷಗಟ್ಟಲೆ ಮೇಜಿನ ಮೇಲೆ ಬಗ್ಗಿ ಬಗ್ಗಿ ಒಂದು ಭುಜ ಕೆಳಗಿಳಿದಿತ್ತು.

ಕೊನೆಗೆ, ಬೆನ್ನುಮೂಳೆ ಮುಗಿಯುವ ಜಾಗದಲ್ಲಿ, ಅಂಗೈ ಅಗಲದ ಒಂದು ತುಣುಕು ಚರ್ಮ ಉಳಿದೆಡೆಗಿಂತ ಬೇರೆಯಾಗಿತ್ತು. ಕಪ್ಪು ಬೆರೆತ ಕೆಂಪು, ತುಸು ಗಡುಸು. ಇದೇ ಉರಿ ಎಂದು ಅವಳಿಗೆ ಗೊತ್ತಾಯಿತು. ಮೊಣಕೈ ಮೇಲೆ ಕೂಡುವ ಹಾಗೆ ಇಲ್ಲೂ ಸತ್ತ ಚರ್ಮ ಕೂಡಿಕೊಂಡಿದೆ, ರಕ್ತ ಓಡುತ್ತಿಲ್ಲ, ಪದರ ತೆಗೆದರೆ ಸರಿಹೋಗುತ್ತದೆ ಎಂದುಕೊಂಡಳು. ಸಿಸ್ಟರ್ ಹೇಳಿದ ಕೆಂಪು ಎಂದರೆ ಹಸಿ ಗಾಯದ ಕೆಂಪು ಎಂದು ಅವಳ ಲೆಕ್ಕ. ಗಾಯ ಇದ್ದಿದ್ದರೆ ಅವಳು ಮುಟ್ಟುತ್ತಿರಲಿಲ್ಲ. ಆದರೆ ಅಲ್ಲಿ ಚರ್ಮ ಮುಚ್ಚಿಕೊಂಡೇ ಇತ್ತು. ಅಲ್ಲೇ ಸ್ವಲ್ಪ ಹೆಚ್ಚು ಹೊತ್ತು, ಸ್ವಲ್ಪ ಹೆಚ್ಚು ಒತ್ತಿ ಸುತ್ತಿನಲ್ಲಿ ಉಜ್ಜಿದಳು. ಒರೆಸಿದಾಗ ಜಾಗ ಇನ್ನೂ ಕೆಂಪೇರಿತ್ತು. "ರಕ್ತ ಓಡಿ ಬಂತು ಅತ್ತೆ" ಎಂದು ಸಂತೋಷದಿಂದ ಹೇಳಿದಳು.

"ಏನು ಸುಖಾನೆ ಇದು" ಎಂದರು ಅತ್ತೆ. ಕಣ್ಣು ಮುಚ್ಚಿತ್ತು. "ದುಡ್ಡು ಕೊಟ್ಟು ಮಾಡಿಸ್ಕೊಳ್ಳೋರನ್ನ ಸುಮ್ನೆ ಆಡ್ಕೋತಿದ್ದೆ."

ಅವತ್ತು ಅವಳು ಹೊಟ್ಟೆ ತುಂಬ ಊಟ ಮಾಡಿದಳು. ಗಂಡನಿಗೆ ಫೋನ್ ಮಾಡಿ ಹೇಳಿದಳು. ಅವನು ಯಾವುದೋ ಬಸ್ ನಿಲ್ದಾಣದ ಗದ್ದಲದ ನಡುವೆ, "ಏನು, ಅಮ್ಮಾನೇ ಕೇಳಿದ್ಲಾ?" ಎಂದು ಎರಡೆರಡು ಸಲ ಕೇಳಿ ಗಟ್ಟಿಯಾಗಿ ನಕ್ಕ. ಆಮೇಲೆ ದಿನಾ ಸಂಜೆ ಅತ್ತೆ ದಾರಿ ಕಾಯತೊಡಗಿದರು. ದಿನಾ ಸಕ್ಕರೆ ಬೇಡ, ಬರೀ ಎಣ್ಣೆ ಸಾಕು ಎಂದು ಅವಳು ತೀರ್ಮಾನಿಸಿ, ಎಣ್ಣೆ ಹಾಕಿ ಅದೇ ಜಾಗವನ್ನು ಅಂಗೈಯಿಂದ ತಿಕ್ಕುತ್ತಿದ್ದಳು. ಪ್ರೀತಿ ಇದ್ದಲ್ಲಿ ಕೈ ಹೆಚ್ಚು ಹೊತ್ತು ನಿಲ್ಲುತ್ತದೆ. ಅವಳ ಕೈ ಅಲ್ಲೇ ನಿಂತಿತು.

ಸಿಸ್ಟರ್ ಮತ್ತೆ ಬರಲು ಇನ್ನೂ ಎರಡು ದಿನವಿರುವಾಗ, ಒಂದು ಬೆಳಗ್ಗೆ ಹೊದಿಕೆ ಸರಿಸಿದರೆ ಹಾಸಿಗೆಯ ಮೇಲೆ ಕಲೆಯಿತ್ತು. ಆ ಜಾಗದ ಚರ್ಮ ಬಿರಿದು, ಒಳಗಿನ ಹಸಿ ಮಾಂಸ ಕಾಣುತ್ತಿತ್ತು. ಅವಳು ಆಗಲೇ ಸಿಸ್ಟರಿಗೆ ಫೋನ್ ಮಾಡಿದಳು.

ಸಿಸ್ಟರ್ ಬಂದರು. ನೋಡಿದರು. ಮುಖ ಗಂಟಿಕ್ಕಿತು. ಗಾಯದ ಸುತ್ತ ಚರ್ಮ ಸುಲಿದ ಹಾಗೆ ಸವೆದಿದ್ದನ್ನು ಬೆರಳಿನಿಂದ ತೋರಿಸಿ ಕೇಳಿದರು.

"ಇಲ್ಲಿ ಯಾರು ಉಜ್ಜಿದ್ದು?"

ಅವಳು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಗೋಡೆಯ ಕಡೆಯಿಂದ ಹೇಳಿದರು. "ನಾನೇ ಕೆರ್ಕೊಂಡೆ ಸಿಸ್ಟರ್. ತಡೆಯಕ್ಕಾಗ್ಲಿಲ್ಲ."

ಸಿಸ್ಟರ್ ಅತ್ತೆಯ ಕೈಗಳನ್ನು ನೋಡಿದರು. ಲೋಟ ಎತ್ತಲೂ ಒದ್ದಾಡುವ ಕೈಗಳು, ಬೆನ್ನಿನ ತನಕ ಎಲ್ಲಿ ಹೋಗಬೇಕು? ಅವರು ಮತ್ತೇನೂ ಕೇಳಲಿಲ್ಲ. ಪುಣ್ಯಾತ್ಗಿತ್ತಿ, ಬೈಯಲೂ ಇಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಬದಲಿಗೆ ಅತ್ತೆಯ ಹಿಮ್ಮಡಿ ಎತ್ತಿ, ಅಲ್ಲಿ ಆಗ ತಾನೇ ಮೂಡುತ್ತಿದ್ದ ಒಂದು ಕೆಂಪು ಚುಕ್ಕೆಯನ್ನು ತೋರಿಸಿ ಪಾಠ ಹೇಳಿದರು.

"ಬೆರಳಿಂದ ಮೆಲ್ಲಗೆ ಒತ್ತಿ ಬಿಡಿ. ಬಣ್ಣ ಹೋಗಿ ಮತ್ತೆ ಬಂದ್ರೆ ಪರವಾಗಿಲ್ಲ. ಒತ್ತಿದ್ರೂ ಹಾಗೇ ಉಳಿದ್ರೆ ಒಳಗೆ ಮಾಂಸ ಸಾಯ್ತಿದೆ ಅಂತ. ಮೇಲೆ ಚರ್ಮ ಚೆನ್ನಾಗೇ ಕಾಣತ್ತೆ. ಅಂಥ ಕಡೆ ಉಜ್ಜಿದ್ರೆ ಉಳಿದಿದ್ದೂ ಹರಿದು ಹೋಗತ್ತೆ. ಅಲ್ಲಿ ಭಾರ ಬೀಳದ ಹಾಗೆ ನೋಡ್ಕೋಬೇಕು, ಅಷ್ಟೆ. ಕೈ ಹಚ್ಚಲೇಬಾರದು."

ಅವಳು ತಲೆಯಾಡಿಸಿದಳು. ತಾನು ಇಷ್ಟು ವರ್ಷ ಕನ್ನಡಿ ಹಿಡಿದು ತೋರಿಸಿದ ಕೆಂಪು ಬೇರೆ, ಇದು ಬೇರೆ. ಸತ್ತ ಚರ್ಮ ತೆಗೆಯುತ್ತೇನೆಂದುಕೊಂಡು ಬದುಕಲು ಒದ್ದಾಡುತ್ತಿದ್ದ ಚರ್ಮವನ್ನೇ ತಿಕ್ಕಿದ್ದಳು.

ಸಿಸ್ಟರ್ ಹೋದ ಮೇಲೆ ಅವಳು ಮಂಚದ ಪಕ್ಕ ಕುಸಿದು ಕೂತಳು. "ಅತ್ತೆ, ನಾನೇ ಮಾಡಿದ್ದು. ನನ್ನ ಕೈಯಿಂದಾನೇ ಆಗಿದ್ದು."

"ಗೊತ್ತು ಸುಮ್ನಿರೆ. ನಂಗೆ ಬೆನ್ನಿನ ಹತ್ರ ಕಣ್ಣಿಲ್ಲ, ಬುದ್ಧಿ ಇದೆ."

"ಯಾಕೆ ಸುಳ್ಳು ಹೇಳಿದ್ರಿ?"

ಅತ್ತೆ ಗೋಡೆಯಿಂದ ಮುಖವನ್ನು ಅವಳ ಕಡೆ ತಿರುಗಿಸಿದರು. "ನಂಗೆ ಸುಖ ಆಗಿತ್ತು ಕಣೆ. ಅದೇನು ಸುಳ್ಳಾ? ಗಂಡ ಸತ್ತ ಮೇಲೆ ಯಾರು ಮುಟ್ಟಿದ್ರು ನನ್ನ ಬೆನ್ನ? ನನ್ನ ಮಗನಿಗೆ ಮಾತ್ರ ಹೇಳ್ಬೇಡ. ಈ ಗಂಡಸರಿಗೆ ಹೆಂಡ್ತಿ ತಪ್ಪು ಒಂದು ಸಿಕ್ರೆ ಸಾಕು, ಜೀವಮಾನ ಕಾಪಾಡ್ಕೊಂಡು ಬರ್ತಾರೆ."

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಒಟ್ಟಿಗೇ ಬಂತು.

ಅವಳು ಪಾರ್ಲರಿಗೆ ಹೋಗುವುದನ್ನು ನಿಲ್ಲಿಸಿದಳು. ಆ ಗಾಯ ಕೂಡಬೇಕು. ಬೇರೆ ಏನೂ ಬೇಡ, ಅದೊಂದು ಕೂಡಿದರೆ ಸಾಕು ಎಂಬುದೇ ಅವಳ ಉಸಿರಾಯಿತು. ಗಾಳಿ ತುಂಬುವ ಹಾಸಿಗೆ ತರಿಸಿದಳು. ಕಣ್ಣಲ್ಲಿ ಕಣ್ಣಿಟ್ಟು ಮಗ್ಗುಲು ಬದಲಿಸಿದಳು. ಸಿಸ್ಟರ್ ಕಲಿಸಿದಂತೆ ಕೈಗೆ ರಬ್ಬರ್ ಗವಸು, ಮೂಗು ಬಾಯಿಗೆ ಮಾಸ್ಕ್ ಹಾಕಿಕೊಂಡು ಗಾಯ ತೊಳೆದು, ಒಳಕ್ಕೆ ಔಷಧಿಯ ಬಟ್ಟೆ ಇಟ್ಟು ಪಟ್ಟಿ ಕಟ್ಟುತ್ತಿದ್ದಳು. ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ. ಸೋಂಕು ತಗಲುತ್ತದೆ. ಕೆಲವು ದಿನ ಅಂಚಿನಲ್ಲಿ ಹೊಸ ಗುಲಾಬಿ ಚರ್ಮ ಕಂಡಂತಾಗಿ ಅವಳು ಹಿಗ್ಗುವಳು. ಮರುದಿನ ಅದು ಮತ್ತೆ ಕಪ್ಪಾಗಿರುತ್ತಿತ್ತು. ಗಾಯ ಅಗಲಕ್ಕಿಂತ ಆಳಕ್ಕೆ ಬೆಳೆಯುತ್ತಿತ್ತು.

ಗಂಡ ರಜೆ ಹಾಕಿ ಬಂದ. ಹೆಂಡತಿ ಗಾಯ ತೊಳೆಯುವುದನ್ನು ಬಾಗಿಲಲ್ಲಿ ನಿಂತು ನೋಡಲಾಗದೆ ಹೊರಗೆ ಹೋದ. ಆಮೇಲೆ ಅಡುಗೆಮನೆಯಲ್ಲಿ ಅವಳ ತಲೆ ಸವರಿ, "ನೀನಿಲ್ದಿದ್ರೆ ಅಮ್ಮ ಯಾವತ್ತೋ ಹೋಗ್ಬಿಡ್ತಿದ್ಲು. ಇಂಥ ಸೇವೆ ಯಾರು ಮಾಡ್ತಾರೆ?" ಎಂದ. ಅವಳಿಗೆ ಆ ಮಾತು ಕೆಂಡದಂತೆ ತಾಗಿತು. ಹೇಳಿಬಿಡೋಣ ಎಂದು ಬಾಯಿವರೆಗೆ ಬಂತು. "ರೀ, ಒಂದು ವಿಷಯ" ಎಂದಳು. ಒಳಗಿಂದ ಅತ್ತೆ, ಅದುವರೆಗೆ ನಿದ್ದೆಯಲ್ಲಿದ್ದವರು, "ನೀರು, ನೀರು" ಎಂದು ಕೂಗಿದರು. ಅವಳು ಲೋಟ ಹಿಡಿದು ಹೋದರೆ ಅತ್ತೆ ಒಂದು ಗುಟುಕೂ ಕುಡಿಯಲಿಲ್ಲ. ಸುಮ್ಮನೆ ಅವಳನ್ನು ನೋಡಿ ತಲೆಯನ್ನು ಬೇಡ ಎನ್ನುವಂತೆ ಅಲುಗಿಸಿದರು.

ಗಾಯ ಮೂಳೆ ಮುಟ್ಟಿತು. ಜ್ವರ ಏರಿತು. ಆಸ್ಪತ್ರೆಯಲ್ಲಿ ಕೆಲವು ದಿನ ಇಟ್ಟುಕೊಂಡು, ಈ ವಯಸ್ಸಿಗೆ ಇನ್ನು ಮಾಡುವಂಥದ್ದೇನಿಲ್ಲ, ಮನೆಯಲ್ಲಿ ನೆಮ್ಮದಿಯಾಗಿ ನೋಡಿಕೊಳ್ಳಿ ಎಂದು ಕಳಿಸಿದರು. ಜ್ವರದಲ್ಲಿ ಅತ್ತೆ ಹಳೆಯ ಗಿರಾಕಿಗಳನ್ನು ಕರೆದು, ಬಟ್ಟೆ ಸಂಜೆಗೆ ಸಿಗತ್ತೆ, ಗಡಿಬಿಡಿ ಮಾಡ್ಬೇಡಿ ಎಂದು ಗದರಿಸುತ್ತಿದ್ದರು. ಮಗ ಯಾರು ಎಂಬುದೂ ಕೆಲವೊಮ್ಮೆ ತಿಳಿಯುತ್ತಿರಲಿಲ್ಲ.

ಆ ಮಧ್ಯಾಹ್ನ ಗಂಡ ಔಷಧಿ ತರಲು ಹೋಗಿದ್ದ. ಅವಳು ಎಂದಿನಂತೆ ಮಾಸ್ಕ್ ಕಟ್ಟಿ, ಗವಸು ತೊಟ್ಟು, ಅತ್ತೆಯನ್ನು ಪಕ್ಕಕ್ಕೆ ಹೊರಳಿಸಿ ಹಳೆಯ ಪಟ್ಟಿ ಬಿಡಿಸುತ್ತಿದ್ದಳು. ಎಷ್ಟು ಮೆಲ್ಲಗೆ ಎಳೆದರೂ ಅಂಟಿಕೊಂಡ ಬಟ್ಟೆ ನೋಯಿಸುತ್ತಿತ್ತು. ಅತ್ತೆ ನರಳಿದರು. ಕತ್ತು ತಿರುಗಿಸಿ, ಕಣ್ಣು ಕಿರಿದು ಮಾಡಿ, ಅವಳ ಮುಖದ ಮೇಲಿನ ಮಾಸ್ಕನ್ನೇ ನೋಡಿದರು.

"ಯಾರಮ್ಮ ನೀನು? ಆಸ್ಪತ್ರೆಯೋಳಾ?"

"ನಾನು ಅತ್ತೆ" ಎಂದಳು. ಮಾಸ್ಕಿನೊಳಗೆ ಮಾತು ಹೂತುಹೋಯಿತು.

"ನೋಯ್ತಿದೆ, ಬಿಡಮ್ಮ. ನಿನ್ನ ಕೈಲಿ ಆಗಲ್ಲ." ಅತ್ತೆ ಮಗುವಿನಂತೆ ಅಳತೊಡಗಿದರು. "ನನ್ನ ಸೊಸೇನ ಕರಿ. ಅವಳು ಮಾಡ್ಲಿ. ಅವಳ ಕೈ ನೋಯ್ಸಲ್ಲ."

ಅವಳಿಗೆ ಅಲ್ಲೇ ಮಾಸ್ಕ್ ಕಿತ್ತು, ಗವಸು ಕಳಚಿ, ನಾನೇ ನಿಮ್ಮ ಸೊಸೆ ಎಂದು ಅಪ್ಪಿಕೊಳ್ಳಬೇಕೆನಿಸಿತು. ಆದರೆ ಗಾಯ ಬಾಯಿ ತೆರೆದುಕೊಂಡು ಮಲಗಿತ್ತು. ಒಂದು ಸಲ ಬರಿಗೈಯಲ್ಲಿ ಮುಟ್ಟಿ ಆದದ್ದು ಸಾಕಾಗಿತ್ತು.

"ಕರೀತೀನಿ ಅಜ್ಜಿ" ಎಂದಳು, ಆಸ್ಪತ್ರೆಯವಳ ಹಾಗೆ. "ಇದೊಂದು ಕಟ್ಟಿಬಿಡ್ತೀನಿ, ಆಮೇಲೆ ಕರೀತೀನಿ."

"ಬೇಗ ಕರಿ."

ಗಾಯ ತೊಳೆದಳು, ಔಷಧಿ ಇಟ್ಟಳು, ಪಟ್ಟಿ ಕಟ್ಟಿದಳು. ಅತ್ತೆಯನ್ನು ಮೆಲ್ಲಗೆ ಹೊರಳಿಸಿ ದಿಂಬು ಸರಿಮಾಡಿದಳು. ಬಚ್ಚಲಿಗೆ ಓಡಿ ಗವಸು, ಮಾಸ್ಕ್ ಎಲ್ಲ ಕಿತ್ತೆಸೆದಳು. ಮುಖ ತೊಳೆದಳು, ಅತ್ತದ್ದು ಕಾಣಬಾರದೆಂದು ಮತ್ತೊಮ್ಮೆ ತೊಳೆದಳು. ಕೈ ತಣ್ಣಗೆ ಕೊರೆಯುತ್ತಿತ್ತು. ಇಂಥ ಕೈಯಲ್ಲಿ ಮುಟ್ಟಿದರೆ ಅತ್ತೆ ಬೆಚ್ಚುತ್ತಾರೆ ಎಂದು ಬಿಸಿನೀರು ಬಿಟ್ಟುಕೊಂಡು, ಎರಡೂ ಅಂಗೈ ಬೆಚ್ಚಗಾಗುವವರೆಗೆ ಹಿಡಿದು ನಿಂತಳು. ಸೆರಗಿನಲ್ಲಿ ಒರೆಸಿಕೊಂಡು ಒಳಗೆ ಬಂದಳು.

"ಅತ್ತೆ, ನಾನು ಬಂದೆ."

ಅತ್ತೆಯ ಕಣ್ಣು ಅರ್ಧ ಮುಚ್ಚಿತ್ತು. ಉಸಿರು ಇತ್ತು, ದೂರ ದೂರಕ್ಕೆ. ಅವಳು ಮಂಚದ ಅಂಚಿನಲ್ಲಿ ಕೂತು ಬೆಚ್ಚಗಿನ ಅಂಗೈಯನ್ನು ಅತ್ತೆಯ ಕೆನ್ನೆಗೆ ಇಟ್ಟಳು.

"ಅತ್ತೆ, ನಿಮ್ಮ ಸೊಸೆ. ಕರೆದ್ರಲ್ಲ, ಬಂದಿದೀನಿ ನೋಡಿ."

ಗಂಡ ಔಷಧಿ ಹಿಡಿದು ಬಾಗಿಲಿಗೆ ಬಂದಾಗಲೂ ಅವಳು ಅದನ್ನೇ ಹೇಳುತ್ತಿದ್ದಳು. ಅತ್ತೆ ಮತ್ತೆ ಕಣ್ಣು ಬಿಡಲಿಲ್ಲ.